ಎರಡು ಊರಿನ ವೀಳ್ಯ

ಆನೆಕೊಂಡ, ದಾವಣಗೆರೆ
೧೦-೮-೧೯೬೪

ಹರಿಹರದ ದರ್ಜಿ ಸಣ್ಣತಿಮ್ಮಪ್ಪನವರ ಸನ್ನಿಧಾನಕ್ಕೆ,

ಉಚ್ಚೆಂಗಪ್ಪನ ದೀರ್ಘದಂಡ ನಮಸ್ಕಾರ! ಕಾಗದ ಹರಿಯಬೇಡಿ. ಒಲೆಗೆ ಹಾಕಬೇಡಿ. ಮೊದಲು ಓದಿ, ಆಮೇಲೆ ಬೇಕಾದರೆ ಎರಡನ್ನೂ ಮಾಡಿ.

ಆರು ವರ್ಷವಾಯಿತು ನಾವು ಮಾತು ಬಿಟ್ಟು. ಅರ್ಧ ತಾಸಿನ ಬಸ್ಸಿನ ದಾರಿಗೆ ಅಂಚೆ ಹಾಕುವ ಹುಚ್ಚ ಯಾರೆಂದು ಪೋಸ್ಟ್ ಮಾಸ್ತರರೂ ನನ್ನ ಮುಖ ನೋಡಿದರು. ಏನು ಮಾಡಲಿ, ಬಂದು ನಿಮ್ಮ ಬಾಗಿಲಲ್ಲಿ ನಿಲ್ಲುವ ಎದೆ ನನಗಿಲ್ಲ. ಖಳನಾಗಿ ರಂಗದ ಹಲಗೆ ನಡುಗಿಸಿದ ಎದೆ ಇದು! ನೀವು ರಾಣಿಯ ಪಾತ್ರದಲ್ಲಿ ಕಣ್ಣೀರಿಟ್ಟರೂ ಕರಗದ ಎದೆ! ಇವತ್ತು ನಿಮ್ಮ ಹೊಸ್ತಿಲನ್ನು ನೆನೆದರೆ ಸಾಕು, ಮಾತು ಮರೆತ ಹೊಸ ನಟನಂತೆ ಒಣಗಿ ನಿಲ್ಲುತ್ತದೆ.

ಸಂಗತಿ ಇಷ್ಟು. ನಾವಿಬ್ಬರೂ ಕೂಡಿ ಕಟ್ಟಿದ ಮೈಲಾರಲಿಂಗೇಶ್ವರ ಡ್ರಾಮಾ ಸೀನ್ಸ್ ಇನ್ನೂ ಉಸಿರಾಡುತ್ತಿದೆ. ಹಳ್ಳಿಯವರು ಆಡುವ ನಾಟಕಕ್ಕೆ ಪರದೆ, ಕಿರೀಟ, ಪೋಷಾಕು, ಗ್ಯಾಸ್‌ಲೈಟು ಬಾಡಿಗೆಗೆ ಕೊಡುವುದು ನಡೆದೇ ಇದೆ. ಆದರೆ ಹೋದ ಬೇಸಿಗೆಯಲ್ಲಿ ಪರದೆಗಳನ್ನು ಬಿಚ್ಚಿದ್ದಕ್ಕಿಂತ ಸುತ್ತಿಟ್ಟದ್ದೇ ಹೆಚ್ಚು. ಏಕೆಂದು ತಿಳಿಯದು. ಉಣ್ಣಲು ಕೂತರೆ ಅದೇ, ಎದ್ದರೆ ಅದೇ. ಈ ನಡುವೆ ಟಾಕೀಸಿನವರೊಬ್ಬರು ಬಂದರು. ಪರದೆಗಳನ್ನೆಲ್ಲ ಕೊಟ್ಟುಬಿಡಬೇಕಂತೆ, ಡೇರೆಗೆ ಹೊಲಿಸಿಕೊಳ್ಳುತ್ತಾರಂತೆ. ನನಗೆ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸವಂತೆ! ದೀಪಾವಳಿಯ ಹೊತ್ತಿಗೆ ಉತ್ತರ ಬೇಕಂತೆ. ಅರಮನೆಯನ್ನು ಕತ್ತರಿಸಿ ಡೇರೆಯ ತೂತು ಮುಚ್ಚುವುದು! ಆಹಾ!

ಸೊಸೈಟಿಯ ಸೆಕ್ರೆಟರಿ ಮಾಲತೇಶಪ್ಪನವರ ಮುಂದೆ ಗೋಳಾಡಿದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು:

“ಎದಿ ಬಡಕೋಬ್ಯಾಡ್ರಿ ಉಚ್ಚೆಂಗಪ್ಪ. ಒಂದು ಹಾಳಿ ತಗೊಂಡು ನಡುವೆ ಗೆರೆ ಎಳೀರಿ. ಈ ಕಡೆ ನಿಮ್ಮ ಅಂಗಡಿಯ ಬಲ ಏನೈತೆ ಬರೀರಿ. ಆ ಕಡೆ ಕುಂದು ಏನೈತೆ ಬರೀರಿ. ಮುಂದೇನು ಮಾಡಬೇಕು ಅಂಬೋದು ತಾನೇ ಕಾಣ್ತೈತೆ.”

ಗೆರೆ ಎಳೆದೆ. ಬಲದ ಕಡೆ ತುಂಬಿ ಹಾಳೆಯ ಹಿಂಬದಿಗೂ ಹರಿಯಿತು. ಕುಂದಿನ ಕಡೆ ಒಂದಕ್ಷರ ಏಳಲಿಲ್ಲ. ಮನೆಯವಳನ್ನು ಕೇಳಿದೆ. “ನಾನೇನಾರ ಅಂದ್ರೆ ನೀವು ಮೂರು ದಿನ ಉಣ್ಣಲ್ಲ. ನಂಗ್ಯಾಕ ಬೇಕು?” ಎಂದು ಓಬವ್ವ ರೊಟ್ಟಿ ತಟ್ಟಿದಳು. ಪರದೆ ಬರೆಯುವ ಶಬ್ಬೀರ್ ಸಾಹೇಬರನ್ನು ಕೇಳಿದೆ. “ಎಲ್ಲಾ ಚೆನ್ನಾಗೈತೆ ಮಾಲಕ್ರೇ” ಎಂದು ಕುಂಚ ತೊಳೆಯಲು ಎದ್ದುಹೋದರು. ಎಲ್ಲ ಚೆನ್ನಾಗಿದ್ದರೆ ಅಂಗಡಿ ಏಕೆ ಬಣಗುಡುತ್ತಿದೆ ಸ್ವಾಮಿ?

ಆಗ ಹೊಳೆಯಿತು. ನನ್ನನ್ನು ಆರು ವರ್ಷದಿಂದ ಬಿಡುವಿಲ್ಲದೆ ಬೈಯುತ್ತಿರುವವರು ಹರಿಹರದಲ್ಲಿ ಒಬ್ಬರಿದ್ದಾರೆ! ಕುಂದಿನ ಕಡೆಯನ್ನು ಅವರಲ್ಲದೆ ಇನ್ನಾರು ತುಂಬಬಲ್ಲರು? ಬರೆಯಿರಿ. ದಯೆ ತೋರಿಸಬೇಡಿ.

ಅಂಚೆಯವನ ಗಂಟೆಗೆ ಕಿವಿ ಕೊಟ್ಟು ಕೂತ,
ಉಚ್ಚೆಂಗಪ್ಪ

ಹರಿಹರ
೨೨-೮-೧೯೬೪

ಉಚ್ಚೆಂಗಪ್ಪನವರಿಗೆ,

ಕಾಗದ ಹರಿಯಲಿಲ್ಲ. ನನ್ನ ಹೆಂಡತಿ ಕೆಂಚಕ್ಕ ಓದಿಸಿ ಕೇಳಿ ನಕ್ಕಳು. ನಾನು ನಗಲಿಲ್ಲ.

ಕೇಳಿದ್ದೀರಿ, ಬರೆಯುತ್ತೇನೆ.

ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಮಲೆಬೆನ್ನೂರಿನ ಸುತ್ತಲ ಹಳ್ಳಿಯವರು. ಸುಗ್ಗಿ ಮುಗಿದ ಮೇಲೆ ಅವರು ಬೇಸಿಗೆಯಿಡೀ ಕೈಕಟ್ಟಿ ಕೂತಿರುತ್ತಾರೆ, ಯುಗಾದಿಯ ಆಸುಪಾಸಿಗೆ ನಾಟಕ ಆಡಿಯೇ ಆಡುತ್ತಾರೆ ಎಂದು ನೀವು ನಂಬಿದ್ದೀರಿ. ಈಗ ಅಲ್ಲಿಗೆ ಭದ್ರಾ ನಾಲೆಯ ನೀರು ಬಂದಿದೆ. ಆ ಕಡೆ ಹೋಗಿ ಎಷ್ಟು ಕಾಲವಾಯಿತು? ಅಂಗಡಿ ಕಟ್ಟೆಯ ಮೇಲೆ ಕೂತವರಿಗೆ ನಾಲೆ ಕಾಣುವುದಿಲ್ಲ.

ಇನ್ನೊಂದು, ವೀಳ್ಯ. ಎಲೆ ಅಡಿಕೆ ಹಿಡಿದು ಯಾರು ಬಂದರೂ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ವೀಳ್ಯ ಹಿಡಿದರೆ ಆ ದಿನ ಆ ಊರಿಗೆ ಮಾತು ಕೊಟ್ಟಂತೆ. ನೀವು ಮಾತು ಕೊಟ್ಟ ಮೇಲೆ ದಿನ ಖಾಲಿ ಇದೆಯೇ ಎಂದು ನೋಡುತ್ತೀರಿ. ಅದರಿಂದ ಏನಾಯಿತು ಎಂಬುದು ನಿಮಗೆ ಮರೆತಿರಬಹುದು. ಆರು ವರ್ಷದ ಹಿಂದೆ ಒಂದೇ ದಿನಕ್ಕೆ ಎರಡು ಊರಿನ ವೀಳ್ಯ ಹಿಡಿದಿರಿ. ಒಳ್ಳೆಯ ಪರದೆಗಳನ್ನೆಲ್ಲ ಬಂಡಿಗೆ ಹೇರಿಕೊಂಡು ನೀವು ಒಂದು ಊರಿಗೆ ಹೋದಿರಿ. ಉಳಿದಿದ್ದ ಕಾಡು ಮತ್ತು ಸೆರೆಮನೆ ಕೊಟ್ಟು ನನ್ನನ್ನು ಇನ್ನೊಂದು ಊರಿಗೆ ಕಳಿಸಿದಿರಿ. ಅಲ್ಲಿ ರಾಜಕುಮಾರಿಯ ಮದುವೆ ಸೆರೆಮನೆಯಲ್ಲಿ ನಡೆಯಿತು. ಜನ ಕಲ್ಲು ತೂರಲಿಲ್ಲ, ಒಳ್ಳೆಯವರು. ಹಿಂತಿರುಗಲು ಬಂಡಿ ಮಾತ್ರ ಕೊಡಲಿಲ್ಲ. “ನಿಮ್ಮ ಮಾಲಕ ಬಂದು ನಿಮ್ಮನ್ನೂ ನಿಮ್ಮ ಸೆರೆಮನೀನೂ ಕರಕೊಂಡು ಹೋಗ್ಲಿ” ಎಂದರು. ಮರುದಿನ ಊರ ಮುಂದಿನ ದಾರಿಯಲ್ಲಿ ಪರದೆಯ ಸುರುಳಿಯ ಮೇಲೆ ಕೂತು ಕಾದೆ. ಸಂಜೆಯವರೆಗೆ.

ಇಷ್ಟು ಬರೆದುಕೊಳ್ಳಿ.

ಸಣ್ಣತಿಮ್ಮಪ್ಪ

ಆನೆಕೊಂಡ, ದಾವಣಗೆರೆ
೬-೯-೧೯೬೪

ಸಣ್ಣತಿಮ್ಮಪ್ಪನವರೇ,

ಎರಡನೆಯದನ್ನು ಓದಿದೆ. ಅದರ ಮೇಲೆ ನನ್ನ ಲೇಖನಿ ಏಳುತ್ತಿಲ್ಲ. ಮೊದಲನೆಯದರ ಸುದ್ದಿ ಬರೆಯುತ್ತೇನೆ.

ಹೋದೆ ಮಲೆಬೆನ್ನೂರಿಗೆ! ಪರದೆ ಏಳಲಿ. ದೃಶ್ಯ: ಬಸ್ ನಿಲ್ದಾಣ. ಎಡಕ್ಕೆ ಹಸಿರು, ಬಲಕ್ಕೆ ಹಸಿರು, ಕಣ್ಣು ಹಾಯಿಸಿದತ್ತ ಭತ್ತ. ಶಬ್ಬೀರರ ಡಬ್ಬಿಯಲ್ಲೂ ಇಲ್ಲದಷ್ಟು ಹಸಿರು! ಆಗ ಗುಡುಗಿನ ಸದ್ದು. ಟ್ರ್ಯಾಕ್ಟರು ಪ್ರವೇಶ. ಮೇಲೆ ಯಾರು? ನಮ್ಮ ಬೊಮ್ಮಣ್ಣ! ವರ್ಷವರ್ಷವೂ ನಮ್ಮ ಕಿರೀಟವನ್ನೇ ಕೇಳಿ ಹಾಕಿಕೊಂಡು ರಾಜನಾಗುತ್ತಿದ್ದ ಬೊಮ್ಮಣ್ಣ.

“ಏನ್ ಮಾಲಕ್ರೇ, ದಾರಿ ತಪ್ಪಿ ಬಂದ್ರೇನು?”

“ಮಹಾರಾಜರನ್ನ ನೋಡಾಕ ಬಂದೆ.”

“ಮಹಾರಾಜ ಎಣ್ಣಿ ಹಾಕಸಾಕ ಹೊಂಟಾನೆ, ಬೇಗ ಹೇಳ್ರಿ.”

“ಬರೋ ಯುಗಾದಿಗೆ ಯಾವ ನಾಟಕ?”

ಬಿದ್ದು ಬಿದ್ದು ನಕ್ಕ. “ಯುಗಾದಿಗಾ? ಯುಗಾದಿಗೆ ಎರಡನೇ ಬೆಳಿ ಮೊಣಕಾಲಿಗೆ ಬಂದಿರ್ತೈತೆ. ಕಿರೀಟ ಹಾಕ್ಕೊಂಡು ಗದ್ದಿಗೆ ನೀರು ಕಟ್ಟಾಕ ಹೋಗ್ಲೇನು?”

ನನ್ನ ಕಾಲಡಿಯ ಹಲಗೆ ಜಾರಿತು. ಅವನು ಇನ್ನೂ ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಬಸ್ಸು ಹೊರಟಿತು, ಹತ್ತಿಬಿಟ್ಟೆ. ಉಳಿದದ್ದನ್ನು ಕೇಳುವ ಧೈರ್ಯವಿರಲಿಲ್ಲ.

ಮನೆಗೆ ಬಂದು ಹಾಳೆಯ ಆ ಕಡೆಯನ್ನು ಬಿಚ್ಚಿದೆ ನೋಡಿ, ನೀವು ತೆಗೆದ ಬಾಗಿಲಿನಿಂದ ಎಲ್ಲವೂ ನುಗ್ಗಿ ಬಂತು. ಅರಮನೆ ಪರದೆಗೆ ಇಲಿ ಬಿದ್ದು ಸಿಂಹಾಸನದ ಕೆಳಗೆ ತೇಪೆ ಹಾಕಿದ್ದೇನೆ. ಗ್ಯಾಸ್‌ಲೈಟುಗಳು ಎರಡನೇ ಅಂಕಕ್ಕೇ ಮಂಕಾಗುತ್ತವೆ, ಅದಕ್ಕೇ ಎಲ್ಲ ಊರೂ ಹುಣ್ಣಿಮೆಯನ್ನೇ ಕೇಳುತ್ತದೆ. ಶಬ್ಬೀರರ ಕಣ್ಣು ಮಸುಕಾಗುತ್ತಿದೆ, ಅವರ ಬಳಿ ಕಲಿತವರಿಲ್ಲ. ಇನ್ನು ಹುಡುಗರಿಗೆ ಪಾತ್ರ ಕಲಿಸಲು ಹೋದರೆ ನನ್ನ ಕಂಠ, ಈ ಕಂಠ, ನಡುವೆಯೇ ಕಟ್ಟಿಕೊಳ್ಳುತ್ತದೆ. ಓಬವ್ವನಿಗೂ ಹೇಳಿಲ್ಲ. ಯುಗಾದಿಗೆ ನನ್ನನ್ನು ಕರೆಯುವವರೆಂದರೆ ಜಗಳೂರು ಕಡೆಯ, ಮಳೆಯನ್ನೇ ನಂಬಿದ ಬೆದ್ದಲು ಹೊಲದ ಊರುಗಳಷ್ಟೇ ಉಳಿದಿವೆ. ಅವರೂ ಕೈಬಿಟ್ಟರೆ ಮುಗಿಯಿತು, ಮಂಗಳ!

ಇಷ್ಟನ್ನೂ ಯಾರ ಮುಂದೂ ಬಿಚ್ಚಿಟ್ಟವನಲ್ಲ. ಇನ್ನೇನಾದರೂ ಉಳಿದಿದ್ದರೆ ತಿಳಿಸಿ.

ಬರಿಗೈಯಲ್ಲಿ ನಿಂತ,
ಉಚ್ಚೆಂಗಪ್ಪ

ಆನೆಕೊಂಡ, ದಾವಣಗೆರೆ
೨೭-೯-೧೯೬೪

ಲೇ ತಿಮ್ಮಾ!

ಇನ್ನು ನೀವು ತಾವು ಮುಗಿಯಿತು. ಬೆಳಿಗ್ಗೆ ಶಬ್ಬೀರರು ಬಂದು ಕಂಬಕ್ಕೆ ಒರಗಿ ನಿಂತರು. ಕೂತುಕೊಳ್ಳಲಿಲ್ಲ.

“ಹೇಳಬೇಕೋ ಬ್ಯಾಡೋ ತಿಳೀವಲ್ದು ಮಾಲಕ್ರೇ. ಅಕ್ಕಿ ಗಿರಣಿ ಪಂಚಾಕ್ಷರಪ್ಪನೋರು ಹರಿಹರದಾಗ ಸೀನ್ಸ್ ಅಂಗಡಿ ಹಾಕ್ತಾರಂತೆ. ಟ್ರ್ಯಾಕ್ಟರ್‌ನಾಗ ಸಾಮಾನು, ಡೈನಮೋ ಇಟ್ಟು ಕರೆಂಟಿನ ಲೈಟು. ಪರದೆ ಬರೀಲಿಕ್ಕೆ ನನ್ನ ಕರೆದಾರೆ.”

“ನೀವೇನಂದ್ರಿ?”

“ಕಣ್ಣು ಕಾಣಲ್ಲ ಅಂದೆ. ಅದೂ ಸುಳ್ಳೇನಲ್ಲ. ಆದ್ರೆ ಅಂಗಡಿ ನೋಡಿಕೊಳ್ಳಾಕ ಒಬ್ಬರು ಒಪ್ಪಿಕೊಂಡಾರಂತೆ.”

“ಯಾರು?”

“ನಿಮ್ಮ ತಿಮ್ಮಪ್ಪಣ್ಣ.”

ಕೇಳಿದೆಯಾ ತಿಮ್ಮಾ, ಕೇಳಿದೆಯಾ! ನನ್ನ ಇಲಿ, ನನ್ನ ತೇಪೆ, ನನ್ನ ಗಂಟಲು, ಎಲ್ಲವೂ ನಿನ್ನ ಕೈಯಲ್ಲಿ! ಎಷ್ಟು ನಾಟಕಗಳಲ್ಲಿ ನಾನು ಖಳನಾಗಿ ಕೋಟೆಯ ಗುಟ್ಟು ಕದ್ದಿದ್ದೇನೆ. ಒಂದರಲ್ಲಾದರೂ ಕೋಟೆಯ ಒಡೆಯನೇ ಸ್ಟ್ಯಾಂಪು ಅಂಟಿಸಿ ಗುಟ್ಟನ್ನು ಕಳಿಸಿಕೊಟ್ಟದ್ದುಂಟೇ? ನಾನು ಕಳಿಸಿದೆ! ಕೇಳಿ ಬರೆಸಿಕೊಂಡೆ, ಸಾಲದೆ ನಾನೇ ಬರೆದು ಕೊಟ್ಟೆ!

ಒಂದೇ ಒಂದು ಹೇಳು. ನನ್ನ ಮೊದಲ ಕಾಗದ ಬಂದಾಗಲೇ ನೀನು ಒಪ್ಪಿಕೊಂಡಿದ್ದೆಯಾ? ಕಾಗದಗಳನ್ನು ಅವರಿಗೆ ತೋರಿಸಿದೆಯಾ?

ಉಚ್ಚೆಂಗಪ್ಪ

ಆನೆಕೊಂಡ, ದಾವಣಗೆರೆ
೧೮-೧೦-೧೯೬೪

ತಿಮ್ಮಾ,

ಉತ್ತರವಿಲ್ಲ. ಬೈದದ್ದು ಹೆಚ್ಚಾಯಿತೇನೋ ಎಂದು ಒಮ್ಮೆ, ಕಡಿಮೆಯಾಯಿತೇನೋ ಎಂದು ಒಮ್ಮೆ ಅನ್ನಿಸುತ್ತದೆ.

ಟಾಕೀಸಿನವರು ಇಂದು ಟೇಪು ತಂದು ಅಂಗಳದಲ್ಲಿ ಪರದೆಗಳನ್ನು ಹಾಸಿ ಅಳೆದರು. ಅರಮನೆಯ ಮೇಲೆ ಚಪ್ಪಲಿ ಹಾಕಿಕೊಂಡೇ ನಡೆದರು. ಓಬವ್ವನೇ ಹೊರಗೆ ಬಂದು, “ಅಣ್ಣಾರೆ, ಚಪ್ಪಲಿ ಬಿಡ್ರಿ. ರಾಜ್ರ ಮನಿ ಅದು” ಎಂದಳು. ಅವರು ನಕ್ಕರು. ಆದರೂ ಬಿಟ್ಟರು.

ದೀಪಾವಳಿ ಹತ್ತಿರ ಬಂತು. ಪಾಡ್ಯದ ದಿನ ಅಂಗಡಿ ಪೂಜೆಯಾದ ಮೇಲೆ ಹಳ್ಳಿಯವರು ವೀಳ್ಯ ತರುವುದು ನಿನಗೆ ಗೊತ್ತು. ಈ ಸಲ ಯಾರೂ ಬರದಿದ್ದರೆ ಮರುದಿನವೇ ಅಳೆದ ಬಟ್ಟೆ ಹೋಗುತ್ತದೆ. ಹೌದೋ ಅಲ್ಲವೋ, ತೋರಿಸಿದೆಯೋ ಇಲ್ಲವೋ, ಒಂದು ಗೆರೆ ಬರೆ.

ಉಚ್ಚೆಂಗಪ್ಪ

ಹರಿಹರ
೨೬-೧೦-೧೯೬೪

ಉಚ್ಚೆಂಗಪ್ಪನವರಿಗೆ,

ಕೆಲಸ ಒಪ್ಪಿಕೊಂಡದ್ದು ನಿಜ. ನಿಮ್ಮ ಮೊದಲ ಕಾಗದ ಬಂದಾಗ ಆ ಮಾತೇ ಇರಲಿಲ್ಲ. ಕಾರ್ಖಾನೆಗೆ ಹೋಗುವ ಹುಡುಗರು ಈಗ ಹೊಲಿದಿಟ್ಟ ಷರ್ಟನ್ನೇ ಕೊಳ್ಳುತ್ತಾರೆ. ನನ್ನ ಮಿಷನ್ನಿಗೆ ಬರುವುದು ಹಳೆಯ ದಿಂಬು. ಕೆಲಸ ಬಿಡುತ್ತೇನೆ ಎಂದು ಹೇಳಲಾರೆ. ನನ್ನ ಮನೆಯಲ್ಲೂ ಒಲೆಯಿದೆ.

ಕಾಗದ ತೋರಿಸಿಲ್ಲ. ಆದರೆ ಪಂಚಾಕ್ಷರಪ್ಪನವರು ನಮ್ಮ ಮನೆಗೇ ಬಂದಿದ್ದರು. ನನ್ನ ಮಿಷನ್ನಿನ ಡ್ರಾಯರಿನಲ್ಲಿ ನಿಮ್ಮ ಕಾಗದಗಳಿದ್ದವು. ಅದೇ ಮಿಷನ್ನಿಗೆ ಕೈಯೂರಿ ನಿಂತು, “ಉಚ್ಚೆಂಗಪ್ಪ ಎಲ್ಲಿ ಸೋಲ್ತಾನೆ ಅಂಬೋದು ನಿನಗೆ ಗೊತ್ತೈತೆ. ಹೇಳು ತಿಮ್ಮಪ್ಪ. ಅಲ್ಲೇ ಕೈ ಹಾಕಾನು” ಎಂದರು. ಕೆಂಚಕ್ಕ ಚಹಾ ತಂದವಳು ಹಾಗೆಯೇ ನಿಂತಳು. ನಾನು ಏನು ಹೇಳಿದೆ ಎಂಬುದನ್ನು ಇಂದು ಬರೆಯಲಾರೆ.

ಬೊಮ್ಮಣ್ಣ ಸಿಕ್ಕಿದ್ದ. ಅವನು ಮಾತಾಡುತ್ತಿರುವಾಗಲೇ ನೀವು ಬಸ್ಸು ಹತ್ತಿದಿರಂತೆ. ಅವನು ಹೇಳಬೇಕೆಂದಿದ್ದ ಉಳಿದ ಮಾತು ಇದು: “ಯುಗಾದಿಗೆ ಆಗಲ್ಲ. ಮುಂಗಾರಿನ ಭತ್ತ ಮನಿಗೆ ಬಂದ ಮ್ಯಾಲೆ ಮಾರ್ಗಶಿರದಾಗ ಒಂದು ಆಡ್ತೀವಿ. ಬ್ಯಾಸಗಿ ಬೆಳಿ ಕೊಯ್ದು ಮಳಿ ಹಿಡಿಯೋದ್ರೊಳಗ ಇನ್ನೊಂದು. ರೊಕ್ಕ ಐತೆ, ಈಗ ಯಾಕ ಬಿಡಾನು?” ನಾಲೆಯ ಊರುಗಳೆಲ್ಲ ಇದೇ ಮಾತಾಡುತ್ತಿವೆ. ನಾಲೆಯವರು ಗದ್ದೆಯಲ್ಲಿರುವಾಗ ಜಗಳೂರು ಕಡೆಯವರು ಖಾಲಿ, ಜಗಳೂರು ಕಡೆಯವರು ಹೊಲದಲ್ಲಿರುವಾಗ ನಾಲೆಯವರು ಖಾಲಿ. ಇದನ್ನು ಹಾಳೆಯ ಯಾವ ಕಡೆ ಬರೆಯುತ್ತೀರೋ ನೀವೇ ನೋಡಿ.

ಬಲದ ಕಡೆ ಹಿಂಬದಿಗೂ ಹರಿಯಿತು ಎಂದಿರಿ. ಅಷ್ಟೊಂದು ಏನು ಬರೆದಿದ್ದಿರಿ? ಸುಮ್ಮನೆ ಕೇಳಿದೆ.

ಪಾಡ್ಯದ ದಿನ ಜೋಕೆ.

ಸಣ್ಣತಿಮ್ಮಪ್ಪ

ಆನೆಕೊಂಡ, ದಾವಣಗೆರೆ
೭-೧೧-೧೯೬೪

ತಿಮ್ಮಾ,

‘ಜೋಕೆ’ ಎಂದು ಬರೆದು ಎಂಟು ಹತ್ತು ದಿನ ನನ್ನ ನಿದ್ದೆ ಕೆಡಿಸಿದೆ. ಯಾವುದಕ್ಕೆ ಜೋಕೆ ಎಂದು ಬರೆಯಬಾರದಿತ್ತೇ? ಇರಲಿ, ನಡೆದದ್ದನ್ನು ಕೇಳು.

ಪಾಡ್ಯ. ಅಂಗಡಿಗೆ ಮಾವಿನ ತೋರಣ, ಚೆಂಡುಹೂವು. ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತೆ. ಮೊದಲ ಗಿರಾಕಿ ಯಾರು? ಬೊಮ್ಮಣ್ಣ! ಮಾರ್ಗಶಿರ ಹುಣ್ಣಿಮೆಗೆ ವೀಳ್ಯ ಕೊಟ್ಟ. ಎರಡೂ ಕೈಯಲ್ಲಿ ಹಿಡಿದೆ, ಕಣ್ಣಿಗೊತ್ತಿಕೊಂಡೆ. ಬದುಕಿದೆನಪ್ಪಾ ಎಂದುಕೊಂಡು ಇನ್ನೂ ಉಸಿರು ಬಿಟ್ಟಿರಲಿಲ್ಲ, ಪಕ್ಕದ ಊರಿನ ಕುಬೇರಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ತಟ್ಟೆಯಲ್ಲಿ ವೀಳ್ಯ, ಬಾಯಲ್ಲಿ ನಗು.

“ಮಾರ್ಗಶಿರ ಹುಣ್ಣಿಮಿ ಮಾಲಕ್ರೇ. ನಿಮ್ಮ ಪರದೆ ಬಿಟ್ಟು ಬ್ಯಾರೆ ಪರದೆ ಮುಟ್ಟಲ್ಲ ನಮ್ಮೂರು.”

ನನ್ನನ್ನು ಹೊಗಳಿದವರಿಗೆ ನಾನು ಎಂದಾದರೂ ಇಲ್ಲ ಅಂದವನೇ? ಕೈ ಹೋಯಿತು ತಿಮ್ಮಾ! ನನ್ನ ಕಣ್ಣೆದುರೇ ಅದು ತಟ್ಟೆಯ ಅಂಚಿನವರೆಗೆ ಹೋಯಿತು. ಒಳಬಾಗಿಲಲ್ಲಿ ಓಬವ್ವನ ಬಳೆಯ ಸದ್ದು ನಿಂತಿತು. ಆಗ ಕಂಡದ್ದು ಒಂದೇ. ಊರ ಮುಂದಿನ ದಾರಿ, ಬಿಸಿಲು, ಸುತ್ತಿಟ್ಟ ಪರದೆ.

ಕೈ ಹಿಂದೆ ತಗೊಂಡೆ.

“ಆ ದಿನ ಖಾಲಿ ಇಲ್ರಿ ಕುಬೇರಪ್ಪ.”

“ಅಯ್ಯೋ! ಉಚ್ಚೆಂಗಪ್ಪನ ಬಾಯಾಗ ಇಲ್ಲ ಅಂಬೋ ಮಾತು ಬಂತಾ! ಯಾಕ, ಪರದೆ ಹರದಾವೇನು? ಟಾಕೀಸಿನೋರು ಅಳತಿ ತಗೊಂಡು ಹೋದ್ರು ಅಂತಾರ, ಖರೆ ಏನು?”

ಬೀದಿಯ ಜನ ನಿಂತು ಕೇಳುತ್ತಿದ್ದರು. ಆದರೂ ಕಂಠ ಕೈಕೊಡಲಿಲ್ಲ.

“ಹರಿಹರಕ್ಕೆ ಹೋಗ್ರಿ. ಅಲ್ಲಿ ಸಣ್ಣತಿಮ್ಮಪ್ಪ ಅಂತ ಅದಾನೆ. ಅರಮನಿ ಅಂದ್ರೆ ಅರಮನಿ ತರ್ತಾನೆ, ಹೇಳಿದ ದಿನ ತರ್ತಾನೆ.”

“ಎದುರಾಳಿ ಅಂಗಡಿಗೆ ನೀನೇ ದಾರಿ ತೋರಸ್ತೀಯಲ್ಲಪ್ಪ! ನಿನ್ನ ತಲಿ ನೆಟ್ಟಗೈತೇನು?”

ವೀಳ್ಯ ಎತ್ತಿಕೊಂಡು ಹೋದರು. ಗಿರಾಕಿಯನ್ನು ಕೈಯಾರೆ ಅಟ್ಟಿದ, ಅಂಗಡಿ ಮುಳುಗಿತು ಎಂದು ಬೀದಿಯೆಲ್ಲ ಮಾತು. ಟಾಕೀಸಿನವರು ಸೋಮವಾರ ಬರುತ್ತಾರೆ.

ಬಲದ ಕಡೆ ಏನು ಬರೆದಿದ್ದೆ ಎಂದು ನೀನು ಕೇಳಿದೆ. ತೆಗೆದು ಓದಿದೆ. ಪರದೆಗಳಿವೆ, ಕಿರೀಟಗಳಿವೆ, ನನ್ನ ಕಂಠ ಇದೆ. ಶಬ್ಬೀರರ ಕುಂಚವಿದೆ, ಶಬ್ಬೀರರಿಲ್ಲ. ನೀನೂ ಇಲ್ಲ. “ತಿಮ್ಮಪ್ಪಣ್ಣ ಇದ್ದಾಗ ಇದ್ದದ್ದನ್ನ ಯಾವ ಕಡಿ ಬರೀತೀರಿ?” ಎಂದು ಓಬವ್ವ ಕೇಳಿದಳು. ಹಾಳೆಯನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ, ಮಡಿಚಿಟ್ಟೆ.

ಉಚ್ಚೆಂಗಪ್ಪ

ಹರಿಹರ
೧೦-೧೧-೧೯೬೪

ಉಚ್ಚೆಂಗಿ,

ಕುಬೇರಪ್ಪ ಬಂದಿದ್ದ. ಇನ್ನು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಅವತ್ತು ಪಂಚಾಕ್ಷರಪ್ಪನವರು ಕೇಳಿದಾಗ ನಾನು ಬಾಯಿ ಬಿಟ್ಟೆ. ಇಲಿಯ ಮಾತು ಹೇಳಲಿಲ್ಲ, ನಿನ್ನ ಗಂಟಲಿನದೂ ಹೇಳಲಿಲ್ಲ. “ಅವನು ವೀಳ್ಯಕ್ಕೆ ಇಲ್ಲ ಅನ್ನಲಾರ” ಎಂದೆ. ಅದು ಸೀಮೆಗೆಲ್ಲ ಗೊತ್ತಿರುವುದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ತೊಡೆ ತಟ್ಟಿ ನಕ್ಕರು. “ಹಂಗಾರೆ ಪಾಡ್ಯದ ದಿನ ಎರಡನೇ ವೀಳ್ಯ ನಾನೇ ಕಳಸ್ತೀನಿ. ಹುಣ್ಣಿಮಿಗೆ ಒಂದು ಊರಿಗಾದ್ರೂ ಮಾತು ತಪ್ತಾನೆ. ಆಮ್ಯಾಲೆ ಅವನ ಕಟ್ಟಿ ಯಾರು ಹತ್ತತಾರೆ?” ಎಂದರು. ಕುಬೇರಪ್ಪನನ್ನು ಕಳಿಸಿದವರು ಅವರು. ನನಗೆ ಗೊತ್ತಿತ್ತು. ಜೋಕೆ ಎಂದಷ್ಟೇ ಬರೆಯುವ ಧೈರ್ಯ ಬಂತು. ಕೆಂಚಕ್ಕ ಅಂದಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ವೀಳ್ಯದ ತಟ್ಟೆ ತಿರುಗಿ ಬಂದಾಗ ನಾನೂ ಅವರೂ ಒಟ್ಟಿಗೆ ಕೂತಿದ್ದೆವು. ಕುಬೇರಪ್ಪ ನೀನಾಡಿದ ಮಾತನ್ನು ನಿನ್ನ ದನಿಯಲ್ಲೇ ಆಡಿ ತೋರಿಸಿದ. ‘ಹೇಳಿದ ದಿನ ತರ್ತಾನೆ’ ಎಂಬಲ್ಲಿಗೆ ಬಂದಾಗ ನಾನು ಎದ್ದು ಹಿತ್ತಲಿಗೆ ಹೋದೆ. ತಿರುಗಿ ಬಂದಾಗ ಪಂಚಾಕ್ಷರಪ್ಪನವರು ಒಂದೇ ಮಾತು ಕೇಳಿದರು. “ಅವನ ಪರದೆ ಖರೇವಂದ್ರೂ ಚಲೋ ಅದಾವೇನು?”

ಅವರ ಹತ್ತಿರ ಲೈಟಿದೆ, ಟ್ರ್ಯಾಕ್ಟರಿದೆ. ಪರದೆಯಿಲ್ಲ. ಶಬ್ಬೀರರು ಒಲ್ಲೆ ಎಂದ ಮೇಲೆ ಬರೆಯುವ ಕೈಯೂ ಇಲ್ಲ. ನಿನ್ನ ಪರದೆಗಳು ಮಾರ್ಗಶಿರದಲ್ಲೂ ಮಳೆಗಾಲಕ್ಕೆ ಮುಂಚೆಯೂ ನಾಲೆಯ ಊರುಗಳಿಗೆ ಇಲ್ಲಿಂದ ಹೋಗಲಿ. ಯುಗಾದಿಗೆ ಅವರ ಲೈಟು, ಟ್ರ್ಯಾಕ್ಟರು ನಿನ್ನ ಕಡೆಯ ಊರುಗಳಿಗೆ ಬರಲಿ ಎಂದೆ. ಲೈಟಿದ್ದರೆ ಹುಣ್ಣಿಮೆಯನ್ನೇ ಕಾಯಬೇಕಿಲ್ಲ. ಕುಬೇರಪ್ಪನ ಊರಿನ ನಾಟಕವನ್ನು ಈಗಾಗಲೇ ಹುಣ್ಣಿಮೆಯ ಮುಂದಿನ ವಾರಕ್ಕೆ ಸರಿಸಿದ್ದೇನೆ. ಪಂಚಾಕ್ಷರಪ್ಪನವರು ಇನ್ನೂ ಹೂಂ ಅಂದಿಲ್ಲ. ಪರದೆ ಕಣ್ಣಿಂದ ನೋಡಿ ಹೇಳುತ್ತಾರಂತೆ.

ನನ್ನದೊಂದು ಷರತ್ತು. ಎರಡೂ ಅಂಗಡಿಗೆ ವೀಳ್ಯ ಹಿಡಿಯುವ ಕೈ ನನ್ನದು.

ಭಾನುವಾರ ಮೊದಲ ಬಸ್ಸಿಗೆ ಅರಮನೆ ತಗೊಂಡು ಬಾ. ತೇಪೆಗೆ ನನ್ನ ಮಿಷನ್ನಿದೆ. ಇನ್ನು ಕಾಗದ ಬೇಡ.

ತಿಮ್ಮ

ದಾವಣಗೆರೆ
೧೨-೧೧-೧೯೬೪

ತಿಮ್ಮಾ,

ಕಾಗದ ಬೇಡ ಎಂದೆ. ಇದು ಕಾಗದವಲ್ಲ, ಕಾರ್ಡು.

ನೀನು ಬಾಯಿ ಬಿಟ್ಟದ್ದನ್ನು ಓದಿ ಬೈಯಲು ಎದ್ದೆ, ಕೂತೆ. ಬೈಗುಳ ಎದುರಿಗೇ ಇರಲಿ. ಟಾಕೀಸಿನವರು ಬಂದಿದ್ದರು. ಇಲ್ಲ ಎಂದೆ. ಒಂದೇ ವಾರದಲ್ಲಿ ಎರಡು ಸಲ! ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ, ಅಂದ ಮೇಲೆ ನೀರು ಕುಡಿಯಬೇಕಾಯಿತು. ಷರತ್ತಿಗೆ ಒಪ್ಪಿದೆ. ಕೈ ನಿನ್ನದು.

ಭಾನುವಾರ ಮೊದಲ ಬಸ್ಸು. ಅರಮನೆ ಮೇಲೆ, ನಾನು ಒಳಗೆ. ಎದೆ ಮಾತ್ರ ಈಗಿನಿಂದಲೇ ಹೊಡೆದುಕೊಳ್ಳುತ್ತಿದೆ. ಪಂಚಾಕ್ಷರಪ್ಪನವರು ಮನಸ್ಸು ಬದಲಿಸಿದರೆ? ತೇಪೆ ಕಂಡು ಮುಖ ತಿರುಗಿಸಿದರೆ? ನಿನಗೇ ಹಳೆಯದೆಲ್ಲ ನೆನಪಾಗಿ ನಿಲ್ದಾಣಕ್ಕೆ ಬರದೇ ಹೋದರೆ?

ಬರದಿದ್ದರೂ ನಾನು ತಿರುಗಿ ಬಸ್ಸು ಹತ್ತುವುದಿಲ್ಲ. ಹರಿಹರದ ನಿಲ್ದಾಣದಲ್ಲಿ ಪರದೆಯ ಸುರುಳಿಯ ಮೇಲೆ ಕೂತಿರುತ್ತೇನೆ. ಸಂಜೆಯವರೆಗೆ.

ನಿನ್ನ
ಉಚ್ಚೆಂಗಿ